ಹೇರುಗಂಟು

"ನಿಮ್ಮ ಮೈಗೆ ಏನೇ ಆಗ್ಲಿ, ಸರ್ಕಾರ ನಿಮ್ಮ ಕೈ ಬಿಡೋದಿಲ್ಲ. ಇದು ನನ್ನ ಮಾತಲ್ಲ, ಸರ್ಕಾರದ ಮಾತು."

ಮೂವತ್ತು ವರ್ಷದ ಹಿಂದೆ, ಕವಾಯತು ಮೈದಾನದಲ್ಲಿ, ಇನ್ನೂರು ಹುಡುಗರ ಮುಂದೆ ಒಬ್ಬ ದೊಡ್ಡ ಅಧಿಕಾರಿ ಕೊಟ್ಟ ಮಾತು ಅದು. ಹುಡುಗರು ಬಿಸಿಲಿನಲ್ಲಿ ನಿಂತಿದ್ದರು. ಅಧಿಕಾರಿ ನೆರಳಿನಲ್ಲಿ ನಿಂತಿದ್ದ. ಕೊನೆಯ ಸಾಲಿನಲ್ಲಿ ನಿಂತು ಕೇಳಿಸಿಕೊಂಡವರಲ್ಲಿ ಅವಳ ಗಂಡನೂ ಒಬ್ಬ. ಕೊನೆಯ ಸಾಲಿನವರಿಗೆ ಬಂದೂಕು ಕೊಡಲಿಲ್ಲ. ಅವನ ಕೈಗೆ ಕೊಟ್ಟಿದ್ದು ಒಂದು ಹೇಸರಗತ್ತೆಯ ಹಗ್ಗ.

ಅದಕ್ಕೊಂದು ನಂಬರು, ಇವನಿಗೊಂದು ನಂಬರು. ಬೆಟ್ಟದ ಮೇಲಿನ ಠಾಣೆಗಳಿಗೆ ಮದ್ದುಗುಂಡಿನ ಪೆಟ್ಟಿಗೆ, ಸೀಮೆಎಣ್ಣೆ, ಹಿಟ್ಟಿನ ಮೂಟೆ ಏರಿಸಬೇಕು. ಇಳಿಯುವಾಗ ಒಮ್ಮೊಮ್ಮೆ ಹೆಣ. ಇಬ್ಬರೂ ಹೊತ್ತರು. ಊಟದ ಸಾಲಿನಲ್ಲಿ ಬಂದೂಕಿನವರು ಅವನನ್ನು 'ಹೇಸರ' ಎಂದು ಕರೆದರು. ಸೇನೆ ಬಿಟ್ಟರೂ ಹೆಸರು ಬಿಡಲಿಲ್ಲ. ಬೀದಿಯ ಜನ ಮರ್ಯಾದೆಗೆ ಒಂದು 'ಅಣ್ಣ' ಸೇರಿಸಿ ಹೇಸರಣ್ಣ ಎಂದರು.

ಹನ್ನೊಂದನೇ ವರ್ಷ ಒಂದು ಮದ್ದಿನ ಪೆಟ್ಟಿಗೆ ಜಾರಿ ಕಣಿವೆಗೆ ಬಿತ್ತು. "ಇಳಿದು ತಗೊಂಡ್ಬಾ" ಎಂದ ತುಕಡಿಯ ನಾಯಕ. ಇವನು ಇಳಿದ. ಹೇಸರಗತ್ತೆಯೂ ಹಿಂದೆಯೇ ಇಳಿಯಿತು. ಅವನ ಹಿಂದೆ ನಡೆಯುವುದೊಂದೇ ಅದಕ್ಕೆ ಗೊತ್ತಿದ್ದ ವಿದ್ಯೆ. ಮಂಜಿನಲ್ಲಿ ಕಾಲು ಜಾರಿ, ಹೇರಿನ ಸಮೇತ ಅವನ ಮೇಲೆ ಬಿತ್ತು. ಸೊಂಟದ ಕೆಳಗೆ ಅವತ್ತು ಸತ್ತದ್ದು ಇವತ್ತಿಗೂ ಎದ್ದಿಲ್ಲ.

ಆಸ್ಪತ್ರೆಯಲ್ಲಿದ್ದಾಗಲೇ ಕಾಗದ ಬಂತು. ಮೂರೇ ಸಾಲು. ದಾರಿ ಬಿಟ್ಟು ಇಳಿದದ್ದರಿಂದ ಆದ ಗಾಯ. ಸ್ವಂತ ಅಜಾಗರೂಕತೆ. ಸೇವೆಗೆ ಸಂಬಂಧಿಸಿದ್ದಲ್ಲ. ಹಾಗಾಗಿ ಪಿಂಚಣಿ ಇಲ್ಲ, ಸೇನೆಯ ಆಸ್ಪತ್ರೆಯಲ್ಲಿ ಹಾಸಿಗೆಯೂ ಇಲ್ಲ.

"ಗತ್ತೆ ಎದ್ದು ಮೈ ಕೊಡವಿಕೊಳ್ತು," ಎಂದು ಅವನು ನಕ್ಕು ಹೇಳುತ್ತಿದ್ದ. "ವಯಸ್ಸಾದ್ಮೇಲೆ ಅದನ್ನ ಹುಲ್ಲುಗಾವಲಿಗೆ ಬಿಟ್ರಂತೆ. ಸಾಯೋ ತನಕ ಹುಲ್ಲು. ನಾನೂ ನಾಲ್ಕು ಕಾಲಲ್ಲಿ ಹುಟ್ಟಬೇಕಿತ್ತು."

"ಎರಡಿದ್ದಾಗ ಎರಡೂ ಕಳ್ಕೊಂಡು ಬಂದೆ. ನಾಲ್ಕಿದ್ದಿದ್ರೆ ನಾಲ್ಕೂ ಕಳ್ಕೊಂಡು ಬರ್ತಿದ್ದೆ, ಬಿಡು," ಎನ್ನುತ್ತಿದ್ದಳು ಅವನ ತಾಯಿ. ಮುದುಕಿಯ ಬಾಯಿ ಅಂಥದ್ದು. ಆದರೆ ಹಗಲೆಲ್ಲ ಅವನ ಮೈ ಮಗ್ಗುಲು ಬದಲಿಸುತ್ತಿದ್ದವಳು ಅವಳೇ. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹೊರಳಿಸಿದರೂ ಆಗಿತ್ತು. ಹುಣ್ಣು ಒಂದು ಕಡೆ ಮೂಳೆಯವರೆಗೂ ಇಳಿದಿತ್ತು.

ಹದಿಮೂರು ವರ್ಷ ಆದ ಮೇಲೆ ತುಕಡಿಯ ನಾಯಕ ಹುಡುಕಿಕೊಂಡು ಬಂದ. ಅವನಿಗೂ ಸೇವೆ ಮುಗಿದಿತ್ತು, ಎದೆರೋಗ ಹತ್ತಿತ್ತು. ಹಾಸಿಗೆಯ ಪಕ್ಕ ಕೂತು ತನ್ನ ಕೈಯಾರೆ ಬರೆದು ಕೊಟ್ಟ: 'ಕಣಿವೆಗೆ ಇಳಿಯಲು ಅಪ್ಪಣೆ ಕೊಟ್ಟವನು ನಾನು. ಅವನು ದಾರಿ ಬಿಡಲಿಲ್ಲ. ನಾನು ಬಿಡಿಸಿದೆ.' ಕೆಳಗೆ ಸಹಿ, ನಂಬರು. ಮುಂದಿನ ವರ್ಷ ಸತ್ತ.

ಆ ಕಾಗದವನ್ನು ಎಲ್ಲಕ್ಕಿಂತ ಮೇಲಿಟ್ಟು ಮಾಜಿ ಸೈನಿಕರ ಮೇಲ್ಮನವಿ ಮಂಡಳಿಗೆ ಅರ್ಜಿ ಹಾಕಿದರು. ಎರಡು ಪ್ರತಿ. ಒಂದು ಮಂಡಳಿಗೆ, ಇನ್ನೊಂದು ಸರ್ಕಾರದ ವಕೀಲರಿಗೆ. ವಕೀಲರು ಓದಿ ಉತ್ತರ ಕೊಡಬೇಕು. ಉತ್ತರ ಬರುವ ತನಕ ಮಂಡಳಿ ತೀರ್ಪು ಕೊಡುವಂತಿಲ್ಲ. ಎರಡೂ ಕಟ್ಟನ್ನು ಹೇಸರಣ್ಣ ಮಲಗಿದ್ದಲ್ಲೇ, ಎದೆಯ ಮೇಲೆ ಇಟ್ಟುಕೊಂಡು ಕಟ್ಟಿದ. ಹೇರುಗಂಟು ಹಾಕಿ ಕಟ್ಟಿದ.

ಹೇರುಗಂಟು ಗತ್ತೆಯ ಬೆನ್ನಿಗೆ ಹೊರೆ ಬಿಗಿಯುವವರ ಗಂಟು. ಎದುರಿಗೆ ಕಾಣುವ ಎರಡು ತುದಿ ಎಳೆದಷ್ಟೂ ಬಿಗಿಯುತ್ತದೆ. ಮೂರನೆಯ ತುದಿ ಮಡಿಕೆಯೊಳಗೆ ಅಡಗಿರುತ್ತದೆ. ಅದನ್ನು ಎಳೆದರೆ ಕಣ್ಣು ಮಿಟುಕಿಸುವುದರೊಳಗೆ ಇಡೀ ಹೊರೆ ಬಿಚ್ಚಿಕೊಳ್ಳುತ್ತದೆ. ಗತ್ತೆ ಬಿದ್ದಾಗ ಅದರ ಜೀವ ಉಳಿಯುವುದು ಆ ಮೂರನೆಯ ತುದಿಯಿಂದ. ಅವನು ಅದನ್ನು ಹೆಂಡತಿಗೂ ಕಲಿಸಿದ್ದ. ಅವಳು ಕಟ್ಟಿಗೆ ಹೊರೆಯನ್ನೂ, ಆಸ್ಪತ್ರೆಗೆ ಸಾಗಿಸುವಾಗ ಅವನನ್ನು ಗಾಡಿಗೂ ಅದರಲ್ಲೇ ಕಟ್ಟುತ್ತಿದ್ದಳು.

ಅರ್ಜಿ ಹಾಕಿ ಎರಡು ವರ್ಷ ಆಯಿತು. ವಾಯಿದೆಯ ಮೇಲೆ ವಾಯಿದೆ. ಅವಳು ಯೋಚಿಸಿದಳು. ಕಡತ ನಮ್ಮ ಹತ್ತಿರ ಬರಲ್ಲ, ನಾವೇ ಕಡತದ ಹತ್ತಿರ ಹೋಗೋಣ. ಮಂಡಳಿಯ ಕಟ್ಟಡದಲ್ಲಿ ಕಸ ಗುಡಿಸುವ ಗುತ್ತಿಗೆ ಕೆಲಸಕ್ಕೆ ಸೇರಿದಳು.

ಬೆಳಿಗ್ಗೆ ಆರಕ್ಕೆ ಶುರು. ಮೂರು ಮಹಡಿ, ನಲವತ್ತೆಂಟು ಮೆಟ್ಟಿಲು, ಒಂಬತ್ತು ಶೌಚಾಲಯ. ಲಿಫ್ಟು ಸಿಬ್ಬಂದಿಗೆ ಮಾತ್ರ. ಬಕೆಟ್ಟು ಹೊತ್ತವರು ಸಿಬ್ಬಂದಿ ಅಲ್ಲ. ಫಿನಾಯಿಲು ತಾಗಿ ಬೆರಳಿನ ಸಂದುಗಳು ಬಿರಿದಿದ್ದವು. ಮಂಡಿ ಊರಿ ಉಜ್ಜಿ ಮಂಡಿ ಆಣಿಗಟ್ಟಿತ್ತು. ಅವಳು ತೊಳೆಯುವ ಶೌಚಾಲಯಕ್ಕೆ ಅವಳು ಹೋಗುವಂತಿರಲಿಲ್ಲ. ಅದಕ್ಕೆ ಬೀದಿ ದಾಟಿ ಬಸ್ ನಿಲ್ದಾಣಕ್ಕೆ ಹೋಗಬೇಕು. ಹೆಸರು ಯಾರಿಗೂ ಬೇಕಿರಲಿಲ್ಲ. "ಏ ಬಕೆಟ್ಟು" ಎಂದರೆ ತಿರುಗಬೇಕು.

ಎರಡನೇ ಮಹಡಿಯಲ್ಲಿ ಸರ್ಕಾರಿ ವಕೀಲರ ಕೋಣೆ. ಏಳು ಮೇಜು, ಏಳು ಕುರ್ಚಿ. ಹುದ್ದೆ ಏಳು. ಕೂರುವವರು ಒಬ್ಬರು, ವಕೀಲಮ್ಮ. ಉಳಿದ ಆರು ಕುರ್ಚಿಯ ಮೇಲೆ ಧೂಳು ಕೂರುತ್ತಿತ್ತು. ಏಳನ್ನೂ ದಿನಾ ಒರೆಸಬೇಕು ಎಂದು ಕಚೇರಿಯ ಮ್ಯಾನೇಜರ ಅಪ್ಪಣೆ.

"ಕೂರೋರೇ ಇಲ್ವಲ್ಲ ಸಾರ್?" ಎಂದು ಮೊದಲ ವಾರ ಕೇಳಿದ್ದಳು.

"ಒರೆಸೋದು ನಿನ್ನ ಕೆಲಸ. ಕೂರ್ಸೋದು ಸರ್ಕಾರದ ಕೆಲಸ."

ಅದೇ ವಾರ ಗೋಡೆಯ ಕಪಾಟಿನ ಧೂಳು ಹೊಡೆಯುವಾಗ ಕಟ್ಟು ಸಿಕ್ಕಿತು. ಸಾವಿರದ ಮುನ್ನೂರು ಕಡತಗಳ ನಡುವೆ, ಕೆಳಗಿನ ಹಲಗೆಯ ಮೇಲೆ, ಗಂಡನ ಗಂಟು. ಮೂರನೆಯ ತುದಿ ಎಡಕ್ಕೆ ಮಡಿಚಿತ್ತು. ಅವನ ಬಲ ಹೆಬ್ಬೆರಳು ಮುರಿದು ಸೊಟ್ಟಗೆ ಕೂಡಿದ್ದರಿಂದ ಅವನು ಯಾವಾಗಲೂ ಎಡಕ್ಕೇ ಮಡಿಚುತ್ತಿದ್ದ. ಊರು ತುಂಬ ಜನರ ನಡುವೆ ಮನೆಯವನ ಮುಖ ಕಂಡ ಹಾಗೆ ಆಯಿತು ಅವಳಿಗೆ. ಸವರಿದಳು. ಮರುಕ್ಷಣ ಬಗ್ಗಿ ನೋಡಿದಳು.

ಗಂಟು ಹಾಗೇ ಇತ್ತು. ಯಾರೂ ಬಿಚ್ಚಿರಲಿಲ್ಲ. ಬಿಚ್ಚಿದವರು ಮತ್ತೆ ಇದೇ ಗಂಟು ಹಾಕಲು ಈ ಕಟ್ಟಡದಲ್ಲಿ ಇನ್ನೊಬ್ಬ ಗತ್ತೆಯವನಿಲ್ಲ.

ವಿಚಾರಣೆಯ ದಿನ ಅವಳು ಕೆಲಸದ ನೀಲಿ ಅಂಗಿ ಕಳಚಿಟ್ಟು, ಸೀರೆಯ ಸೆರಗು ಸರಿಮಾಡಿಕೊಂಡು, ಅರ್ಜಿದಾರನ ಹೆಂಡತಿಯಾಗಿ ಸಭಾಂಗಣದಲ್ಲಿ ನಿಲ್ಲುತ್ತಿದ್ದಳು. ಎರಡು ನಿಮಿಷ. ವಕೀಲಮ್ಮ ಎದ್ದು ಒಂದು ಚೀಟಿ ಕೊಡುತ್ತಿದ್ದರು. ಅದರ ಮೇಲೆ ನೇರಳೆ ಬಣ್ಣದ ಮುದ್ರೆ: 'ಕಡತ ಪರಿಶೀಲನೆಯಲ್ಲಿದೆ.' ಮಂಡಳಿಯ ಅಧ್ಯಕ್ಷರು ಮುಂದಿನ ತಾರೀಖು ಹೇಳುತ್ತಿದ್ದರು. ಅವಳು ಹೊರಗೆ ಬಂದು ನೀಲಿ ಅಂಗಿ ಹಾಕಿಕೊಂಡು ಅದೇ ಸಭಾಂಗಣದ ನೆಲ ಒರೆಸುತ್ತಿದ್ದಳು. ಆ ಎರಡು ನಿಮಿಷಕ್ಕೆ ಅರ್ಧ ದಿನದ ಗೈರುಹಾಜರಿ.

"ಗಂಟು ಬಿಚ್ಚದೇ ಪರಿಶೀಲನೆ ಮಾಡ್ತಾರಂತೆ, ರೀ," ಎಂದಳು ಮನೆಗೆ ಬಂದು.

"ದೊಡ್ಡೋರು ಕಣೇ. ಹೊರಗಿಂದಾನೇ ಓದ್ತಾರೆ," ಎಂದ ಅವನು. ನಗಲು ಹೋಗಿ ಕೆಮ್ಮಿದ.

"ಮೂಸಿ ನೋಡಿ ಇಟ್ಟಿರ್ಬೇಕು," ಎಂದಳು ಮುದುಕಿ. "ಗತ್ತೆ ವಾಸನೆ ಬಂದಿರುತ್ತೆ."

ಹೀಗೆ ಹತ್ತೊಂಬತ್ತು ವಾಯಿದೆ. ಆರು ವರ್ಷ. ಅವಳು ಕೆಲಸಕ್ಕೆ ಸೇರಿಯೇ ನಾಲ್ಕು ವರ್ಷ. ದಿನಾ ಕಟ್ಟಿನ ಧೂಳು ಒರೆಸಿದಳು, ದಿನಾ ಗಂಟು ನೋಡಿದಳು. ಒಂದು ಸಂಜೆ ತಡೆಯಲಾಗದೆ ವಕೀಲಮ್ಮನ ಮೇಜಿನ ಮುಂದೆ ನಿಂತಳು. ವಕೀಲಮ್ಮ ಬ್ರೆಡ್ಡಿನ ತುಂಡು ಕೈಯಲ್ಲೇ ಹಿಡಿದು ಕಡತ ಓದುತ್ತಿದ್ದರು. ಕಣ್ಣಿನ ಸುತ್ತ ಕಪ್ಪು.

"ಮೇಡಂ, ನಮ್ಮನೆಯವರ ಕಡತ ನೀವು ಓದಿಲ್ಲ."

ವಕೀಲಮ್ಮ ತಲೆ ಎತ್ತಿದರು. ಯಾರು ನಿಮ್ಮನೆಯವರು, ನಿನಗೆ ಹೇಗೆ ಗೊತ್ತು ಎಂದು ಏನೂ ಕೇಳಲಿಲ್ಲ. "ಓದಿರಲಾರೆ," ಎಂದರು. "ಏಳು ಜನರ ಕೆಲಸ ಇದು, ಅಮ್ಮ. ದಿನಕ್ಕೆ ಹನ್ನೆರಡು ಕೇಸು ಕೂಗ್ತಾರೆ. ನಾನು ರಾತ್ರಿ ಕೂತ್ರೂ ಎರಡು ಓದಬಹುದು. ಉಳಿದ ಹತ್ತಕ್ಕೆ ಮುದ್ರೆ."

"ಹಾಗಂತ ಅಲ್ಲೇ ಹೇಳಿ. ಓದಿಲ್ಲ, ಜನ ಇಲ್ಲ ಅಂತ."

"ಹೇಳಿದ್ರೆ ನಾನೂ ಇರಲ್ಲ."

"ನೀವಿದ್ದು ನಮಗೇನಾಯ್ತು ಮೇಡಂ?"

ವಕೀಲಮ್ಮ ಬ್ರೆಡ್ಡನ್ನು ಕಾಗದದ ಮೇಲೆ ಇಟ್ಟರು. ಮತ್ತೆ ಮುಟ್ಟಲಿಲ್ಲ. ಅವತ್ತಿನಿಂದ ಅವಳನ್ನು 'ಬಕೆಟ್ಟು' ಎಂದು ಕರೆಯುವುದನ್ನು ಅವರು ಮಾತ್ರ ಬಿಟ್ಟರು. ಕಡತ ಅಲ್ಲೇ ಇತ್ತು.

ಇಪ್ಪತ್ತನೇ ವಾಯಿದೆಗೆ ಇನ್ನೂ ಒಂದು ತಿಂಗಳಿತ್ತು. ಇಲಾಖೆಯ ಕಾರ್ಯದರ್ಶಿ ತಪಾಸಣೆಗೆ ಬರುತ್ತಾರೆ ಎಂದು ಸುದ್ದಿ ಬಂತು. ಮ್ಯಾನೇಜರು ಬೆವತ. ಮೂರು ತಿಂಗಳ ಹಿಂದೆ ಪತ್ರಿಕೆಯಲ್ಲಿ ಇಲಾಖೆಯೇ ಹೇಳಿಕೊಂಡಿತ್ತು: ಸರ್ಕಾರಿ ವಕೀಲರ ಏಳೂ ಹುದ್ದೆ ಭರ್ತಿ, ಮಾಜಿ ಸೈನಿಕರ ಮೇಲ್ಮನವಿಗಳಿಗೆ ವೇಗ. ಪತ್ರಿಕೆಯಲ್ಲಿ ಭರ್ತಿಯಾದವರು ಕುರ್ಚಿಯಲ್ಲಿ ಇರಬೇಕಲ್ಲ.

ತಪಾಸಣೆಯ ಬೆಳಿಗ್ಗೆ ಮ್ಯಾನೇಜರು ಅವಳ ಕೈಗೆ ಒಂದು ಗಂಟು ಬಟ್ಟೆ ಕೊಟ್ಟ. ಬಿಚ್ಚಿದರೆ ಆರು ಕರಿ ಕೋಟು. ಬಾಡಿಗೆಯವು. ಒಂದರ ಕಂಕುಳು ಹರಿದಿತ್ತು.

"ಒಂದೊಂದು ಕುರ್ಚಿ ಬೆನ್ನಿಗೆ ಒಂದೊಂದು ಹಾಕು. ಒಂದೊಂದು ಮೇಜಿಗೆ ನಾಲ್ಕು ಕಡತ ಇಡು. ಒಂದು ಪೆನ್ನು. ಒಂದು ಲೋಟ ನೀರು. ಅರ್ಧ ಲೋಟ! ತುಂಬಿ ಇಟ್ರೆ ಯಾರೂ ಕುಡಿದಿಲ್ಲ ಅಂತ ಗೊತ್ತಾಗುತ್ತೆ."

"ಕೋಟಿನೊಳಗೆ ಯಾರನ್ನ ಹಾಕ್ಲಿ ಸಾರ್?"

"ನಾಲಿಗೆ ಜಾಸ್ತಿ ಆಯ್ತು ನಿಂದು."

ಅವಳು ಕೋಟು ಹಾಕಿದಳು. ಕಡತ ಇಟ್ಟಳು. ಲೋಟ ತುಂಬಿಸಿ, ಆರರಲ್ಲೂ ಅರ್ಧರ್ಧ ತಾನೇ ಕುಡಿದಳು. ಅಂಚಿನಲ್ಲಿ ತುಟಿಯ ಗುರುತೂ ಬೇಕು ಎಂದಿದ್ದ ಮ್ಯಾನೇಜರು. ವಕೀಲಮ್ಮನದು ಬಾಗಿಲ ಬಳಿಯ ಮೊದಲ ಮೇಜು, ಏಳನೆಯದು ಕಿಟಕಿಯ ಪಕ್ಕದ ಖಾಲಿ ಮೇಜು. ಅಲ್ಲಿ ನಾಲ್ಕು ಕಡತ ಪೇರಿಸಿ ಎಲ್ಲಕ್ಕಿಂತ ಮೇಲೆ ಹೇರುಗಂಟಿನ ಕಟ್ಟನ್ನು ಇಟ್ಟಳು. ಆಮೇಲೆ ಬಕೆಟ್ಟಿನ ಪಕ್ಕ ಗೋಡೆಗೆ ಒರಗಿ ನಿಂತಳು. ಹೊಟ್ಟೆಯ ಕೆಳಗೆ ಮೂರು ಲೋಟ ನೀರು ಭಾರವಾಗಿ ತೂಗುತ್ತಿತ್ತು. ಬಸ್ ನಿಲ್ದಾಣಕ್ಕೆ ಹೋಗಿ ಬರಲು ಸಮಯ ಇರಲಿಲ್ಲ.

ಕಾರ್ಯದರ್ಶಿ ಬಂದ. ಹಿಂದೆ ಒಬ್ಬ ಫೋಟೋದವನು.

"ಎಲ್ರೂ ಎಲ್ರೀ?"

"ಮಂಡಳಿ ಮುಂದೆ ವಾದ ಮಾಡ್ತಿದಾರೆ ಸಾರ್. ಒಂದು ನಿಮಿಷ ಬಿಡುವಿಲ್ಲ. ನೀರು ಕುಡಿಯೋದನ್ನೂ ಅರ್ಧಕ್ಕೇ ಬಿಟ್ಟು ಓಡ್ತಾರೆ."

ವಕೀಲಮ್ಮ ತಮ್ಮ ಮೇಜಿನ ಪಕ್ಕ ನಿಂತು ನೆಲ ನೋಡುತ್ತಿದ್ದರು.

"ಸಾರ್, ಕಡತ ಓದ್ತಿರೋ ಹಾಗೆ ಒಂದು," ಎಂದ ಫೋಟೋದವನು. "ಕಿಟಕಿ ಹತ್ರ ಬೆಳಕು ಚೆನ್ನಾಗಿದೆ."

ಕಾರ್ಯದರ್ಶಿ ಏಳನೇ ಮೇಜಿನ ಮೇಲಿನ ಕಟ್ಟು ಎತ್ತಿಕೊಂಡ. ದಾರದ ತುದಿ ಎಳೆದ. ಬಿಗಿಯಿತು. ಇನ್ನೊಂದು ತುದಿ ಎಳೆದ. ಇನ್ನೂ ಬಿಗಿಯಿತು. ನಕ್ಕ. "ಏನ್ರೀ ಇದು, ಸರ್ಕಾರದ ಖಜಾನೆಗೂ ಹೀಗೆ ಕಟ್ಟಿಲ್ಲ." ಮ್ಯಾನೇಜರು ಓಡಿ ಬಂದು ಉಗುರು ಹಾಕಿದ. ಉಗುರು ಮುರಿಯಿತು. ಹಲ್ಲು ಹಾಕಲು ಬಗ್ಗಿದವನು ಸಾಹೇಬರ ಮುಂದೆ ಬೇಡ ಎಂದು ಸುಮ್ಮನಾದ.

"ಏ ಬಕೆಟ್ಟು, ಕತ್ತರಿ ತಗೊಂಡ್ಬಾ."

ಅವಳು ಕದಲಲಿಲ್ಲ.

"ಕಿವುಡಾ? ಕತ್ತರಿ!"

"ತರಲ್ಲ," ಎಂದಳು.

ಫೋಟೋದವನು ಕ್ಯಾಮೆರಾ ಇಳಿಸಿದ.

"ಕತ್ತರಿ ಹಾಕ್ಬೇಡಿ. ಅದನ್ನ ಯಾರೂ ಓದಿಲ್ಲ ಅನ್ನೋದಕ್ಕೆ ಆ ಗಂಟೊಂದೇ ಸಾಕ್ಷಿ. ಆರು ವರ್ಷದ ಹಿಂದೆ ನನ್ನ ಗಂಡ ಹಾಕಿದ ಗಂಟು ಅದು. ಹತ್ತೊಂಬತ್ತು ಸಲ ಪರಿಶೀಲನೆಯಲ್ಲಿದೆ ಅಂತ ಬರೆದುಕೊಟ್ಟಿದೀರಿ. ಬಿಚ್ಚೋಕೇ ಬರದೇ ಇರೋ ಕಟ್ಟನ್ನ ಹೇಗೆ ಪರಿಶೀಲನೆ ಮಾಡಿದ್ರಿ? ಯಾರು ಮಾಡಿದ್ರು? ಈ ಕೋಟಾ?" ಹರಿದ ಕಂಕುಳಿನ ಕೋಟನ್ನು ಕುರ್ಚಿಯಿಂದ ಎಳೆದು ನೆಲಕ್ಕೆ ಹಾಕಿದಳು. "ಇಲ್ಲಿ ಯಾರೂ ಇಲ್ಲ ಸಾರ್. ಇವನ್ನ ಬೆಳಿಗ್ಗೆ ನಾನೇ ಹಾಕಿದ್ದು. ಆ ನೀರೂ ನಾನೇ ಕುಡಿದಿದ್ದು."

ಹೇಳುತ್ತ ಹೇಳುತ್ತ ಕಿಟಕಿಯವರೆಗೆ ನಡೆದು ಬಂದಿದ್ದಳು. ಏಳನೇ ಕುರ್ಚಿ ಪಕ್ಕದಲ್ಲೇ ಇತ್ತು. ಕೂತಳು.

"ಏಳೇ ಮೇಲೆ! ಎಲ್ಲಿ ಕೂತಿದೀಯ ಅಂತ ಗೊತ್ತಾ?" ಎಂದು ಕಿರುಚಿದ ಮ್ಯಾನೇಜರು.

"ನಾಲ್ಕು ವರ್ಷ ಒರೆಸಿದೀನಿ. ಒಬ್ರೂ ಕೂತಿಲ್ಲ. ಕುರ್ಚಿಗೂ ಬೇಜಾರಾಗಿರುತ್ತೆ ಸಾರ್, ಇರ್ಲಿ."

ಕಾರ್ಯದರ್ಶಿಯ ಕೈಯಿಂದ ಕಟ್ಟು ತೆಗೆದುಕೊಂಡಳು. ಎಡಗಡೆಯ ಮಡಿಕೆಯೊಳಗೆ ಬೆರಳು ಹಾಕಿ ಮೂರನೆಯ ತುದಿ ಹಿಡಿದು ಎಳೆದಳು. ಒಂದೇ ಎಳೆತ. ದಾರ ಸರ್ರನೆ ಕಳಚಿ ಮಡಿಲಿಗೆ ಬಿತ್ತು. ಮೇಲಿದ್ದ ಕಾಗದವನ್ನು ವಕೀಲಮ್ಮನ ಕಡೆ ಹಿಡಿದಳು.

"ಓದಿ ಮೇಡಂ."

ವಕೀಲಮ್ಮ ತೆಗೆದುಕೊಂಡರು. ಓದಿದರು. ಗಟ್ಟಿಯಾಗಿ ಓದಿದರು. 'ಕಣಿವೆಗೆ ಇಳಿಯಲು ಅಪ್ಪಣೆ ಕೊಟ್ಟವನು ನಾನು. ಅವನು ದಾರಿ ಬಿಡಲಿಲ್ಲ. ನಾನು ಬಿಡಿಸಿದೆ.' ಓದಲು ಅರ್ಧ ನಿಮಿಷ ಹಿಡಿಯಿತು. ಅರ್ಧ ನಿಮಿಷದ ಕೆಲಸಕ್ಕೆ ಆರು ವರ್ಷ.

"ಇದನ್ನ ಓದಿದ್ದರೆ ನಾನು ಈ ಕೇಸನ್ನ ಮೊದಲನೇ ದಿನವೇ ಒಪ್ಪಿಕೊಳ್ತಿದ್ದೆ," ಎಂದರು ವಕೀಲಮ್ಮ. ಕಾರ್ಯದರ್ಶಿಯ ಕಡೆ ತಿರುಗಿದರು. "ಓದಿಲ್ಲ, ಸಾರ್. ಹತ್ತೊಂಬತ್ತು ಸಲ ಮುದ್ರೆ ಹೊಡೆದದ್ದು ನಾನೇ. ಇಲ್ಲಿ ಇರೋದು ನಾನೊಬ್ಬಳೇ. ಆರು ಜನ ಕೊಡಿ ಅಂತ ಎಂಟು ಪತ್ರ ಬರೆದಿದೀನಿ. ಎಂಟಕ್ಕೂ ನಿಮ್ಮ ಕಚೇರಿಯಿಂದ ಒಂದೇ ಉತ್ತರ. ಪರಿಶೀಲನೆಯಲ್ಲಿದೆ."

ಕಾರ್ಯದರ್ಶಿ ಗಡಿಯಾರ ನೋಡಿಕೊಂಡ. "ಗಮನಿಸೋಣ," ಎಂದ. ಹೊರಟ. ಫೋಟೋ ತೆಗೆಯಲಿಲ್ಲ.

ಅವಳು ಎದ್ದು ಬಕೆಟ್ಟು ಅಲ್ಲೇ ಬಿಟ್ಟು ನಡೆದಳು. ಎರಡನೇ ಮಹಡಿಯ ಶೌಚಾಲಯಕ್ಕೆ, ಬೆಳಿಗ್ಗೆ ತಾನೇ ತೊಳೆದಿದ್ದಕ್ಕೆ, ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಹೊರಗೆ ಮ್ಯಾನೇಜರು ಬಾಗಿಲು ಬಡಿಯುತ್ತಿದ್ದ. ಅವಳು ಅವಸರ ಮಾಡಲಿಲ್ಲ.

ಮಧ್ಯಾಹ್ನಕ್ಕೆ ಕೆಲಸ ಹೋಯಿತು. ನೀಲಿ ಅಂಗಿ ಬಿಚ್ಚಿಸಿಕೊಂಡರು.

ತಪಾಸಣೆಯ ಫಲವಾಗಿ ಎರಡು ವಾರಕ್ಕೆ ಸುತ್ತೋಲೆ ಬಂತು. ಮಂಡಳಿಯ ಬಾಗಿಲಿಗೆ ಅಂಟಿಸಿದರು. 'ಇನ್ನು ಮುಂದೆ ಎಲ್ಲ ಕಡತಗಳನ್ನು ಸುಲಭವಾಗಿ ಬಿಚ್ಚಬಹುದಾದ ಬಿಳಿಯ ಲಾಡಿಯಿಂದಲೇ ಕಟ್ಟತಕ್ಕದ್ದು. ಇತರ ಗಂಟುಗಳನ್ನು ಸ್ವೀಕರಿಸಲಾಗುವುದಿಲ್ಲ.' ವಕೀಲರ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಮೂರನೇ ವಾರ ವಕೀಲಮ್ಮನನ್ನು ದೂರದ ಇನ್ನೊಂದು ಕಚೇರಿಗೆ ವರ್ಗ ಮಾಡಿದರು. ಹೊರಡುವ ಮುನ್ನ ಅವರು ಹೇಸರಣ್ಣನ ಕಡತಕ್ಕೆ ಉತ್ತರ ಬರೆದಿಟ್ಟು ಹೋಗಿದ್ದರು: ಸರ್ಕಾರದ ವಿರೋಧವಿಲ್ಲ. ಸಹಿಯನ್ನೂ ಹಾಕಿದ್ದರು. ಆದರೆ ವರ್ಗದ ಆದೇಶಕ್ಕೆ ಆ ಸಹಿಗಿಂತ ಹಿಂದಿನ ತಾರೀಖು ಹಾಕಿದ್ದರು. ಆ ಸಹಿ ನಡೆಯುವುದಿಲ್ಲ ಎಂದರು.

ಇಪ್ಪತ್ತನೇ ವಾಯಿದೆಯ ದಿನ ಸರ್ಕಾರದ ಕಡೆ ನಿಲ್ಲಲು ಯಾರೂ ಇರಲಿಲ್ಲ. ಈಗ ಏಳೂ ಕುರ್ಚಿ ಖಾಲಿ.

"ಸರ್ಕಾರದ ಪರ ಯಾರೂ ಹಾಜರಿಲ್ಲ," ಎಂದರು ಅಧ್ಯಕ್ಷರು. "ಎಂಟು ತಿಂಗಳ ನಂತರ."

"ಸ್ವಾಮಿ, ಒಂದು ಮಾತು," ಎಂದಳು ಅವಳು. "ನಾವು ಒಂದು ದಿನ ಬರದೇ ಇದ್ರೆ ಅರ್ಜಿ ವಜಾ ಮಾಡ್ತೀರಿ. ಅವ್ರು ಬರದೇ ಇದ್ರೆ ವಾಯಿದೆ ಕೊಡ್ತೀರಿ. ಬರದೇ ಇರೋರು ಅವ್ರು, ಕಾಯೋರು ನಾವಾ?"

"ಮುಂದಿನ ಕೇಸು," ಎಂದರು ಅಧ್ಯಕ್ಷರು.

ಹೊರಗಿನ ಪಡಸಾಲೆಯಲ್ಲಿ ಕಾಯುವವರ ಬೆಂಚು. ಕಾಲಿಲ್ಲದವರು, ಕಣ್ಣಿಲ್ಲದವರು, ಗಂಡ ಸತ್ತವರು, ಮಗ ಸತ್ತವರು. ಎಲ್ಲರ ಮಡಿಲಲ್ಲೂ ಬಿಳಿಯ ಲಾಡಿಯ ಕಡತ. ಅವಳ ಸುದ್ದಿ ಅವರಿಗೆಲ್ಲ ಮುಟ್ಟಿತ್ತು. ಒಂದು ಕೈ ಇಲ್ಲದ ಮುದುಕನೊಬ್ಬ ತನ್ನ ಕಟ್ಟನ್ನು ಅವಳ ಮುಂದೆ ಚಾಚಿದ.

"ತಂಗೀ, ಆ ಗತ್ತೆಗಂಟು ನಂಗೂ ಹೇಳ್ಕೊಡ್ತೀಯಾ? ನಂದೂ ಯಾರಾದ್ರೂ ಬಿಚ್ಚಿದಾರಾ ಇಲ್ವಾ ಅಂತ ಗೊತ್ತಾಗ್ಲಿ."

"ಸ್ವೀಕರಿಸಲ್ಲ ಅಂತ ಬರೆದಿದಾರಲ್ಲಣ್ಣ."

"ಸ್ವೀಕರಿಸಿದ್ದೇನು ಕಿತ್ತು ಗುಡ್ಡೆ ಹಾಕಿದಾರೆ? ಕಟ್ಟು ನೀನು."

ಅವಳು ನೆಲದ ಮೇಲೆ ಕೂತಳು. ಲಾಡಿ ಬಿಚ್ಚಿ, ಅದರಲ್ಲೇ ಶುರು ಮಾಡಿದಳು. ಒಂದು ತುದಿ ಹಲ್ಲಿನಲ್ಲಿ ಹಿಡಿಯುವುದು, ಇನ್ನೊಂದನ್ನು ಮಂಡಿಯಡಿ ಒತ್ತುವುದು, ಮೂರನೆಯದನ್ನು ಮಡಿಚಿ ಒಳಗೆ ಅಡಗಿಸುವುದು. ಒಂದೇ ಕೈಯವನಿಗೆ ಒಂದೇ ಕೈಯಲ್ಲಿ ತೋರಿಸಿದಳು. ಆಮೇಲೆ ಕಣ್ಣಿಲ್ಲದವನ ಬೆರಳು ಹಿಡಿದು ತೋರಿಸಿದಳು. ಅವನು ಎಲ್ಲರಿಗಿಂತ ಬೇಗ ಕಲಿತ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮೂವತ್ತು ಕಟ್ಟು ಹೇರುಗಂಟಿನಲ್ಲಿದ್ದವು. ಕಡತ ಒಪ್ಪಿಸುವ ಕಿಟಕಿಯಲ್ಲಿ ಗುಮಾಸ್ತ ತೆಗೆದುಕೊಳ್ಳುವುದಿಲ್ಲ ಎಂದ. ಮೂವತ್ತು ಜನವೂ ಕಿಟಕಿ ಬಿಟ್ಟು ಕದಲಲಿಲ್ಲ. ಕೊನೆಗೆ ತೆಗೆದುಕೊಂಡ.

ಮನೆಯಲ್ಲಿ ಅತ್ತೆ ಮಗನ ಬೆನ್ನಿನ ಹುಣ್ಣಿಗೆ ಬಟ್ಟೆ ಬದಲಿಸುತ್ತಿದ್ದಳು. ಈಗ ಎರಡು ಕಡೆ ಮೂಳೆ ಕಾಣುತ್ತಿತ್ತು.

"ಏನಂದ್ರು?" ಎಂದ ಹೇಸರಣ್ಣ, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಎಂಟು ತಿಂಗಳು."

ಎಂಟು ತಿಂಗಳು ಎಷ್ಟು ಉದ್ದ ಎಂದು ಆ ಮನೆಯಲ್ಲಿ ಮೂವರಿಗೂ ಗೊತ್ತಿತ್ತು. ಬಟ್ಟೆ ಬದಲಿಸುವವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ಗಂಟು ಕಲಿಸಿದ್ಯಂತೆ? ಬೀದಿಯೋರು ಹೇಳಿದ್ರು."

"ಮೂವತ್ತು ಜನಕ್ಕೆ."

"ಎಡಕ್ಕೆ ಮಡಿಚೋದು ಕಲಿಸಿದ್ಯಾ, ಬಲಕ್ಕಾ?"

"ಎಡಕ್ಕೆ."

"ಸರಿ," ಎಂದ.

ಅವನು ಐದನೇ ತಿಂಗಳು ಸತ್ತ. ಎಂಟನೇ ತಿಂಗಳು ಮಂಡಳಿಯಿಂದ ಕಾಗದ ಬಂತು: ಅರ್ಜಿದಾರರು ಜೀವಂತ ಇಲ್ಲದ ಕಾರಣ ಮೇಲ್ಮನವಿ ಮುಕ್ತಾಯ. ಸರ್ಕಾರ ಕೈ ಬಿಡುವುದಿಲ್ಲ ಎಂದಿತ್ತು. ಬಿಟ್ಟಿತು.